ಶಟರಿನ ಹಿಂದಿನ ಶುಕ್ರವಾರಗಳು

ಶಟರನ್ನು ಮೊಣಕಾಲಿನಷ್ಟು ಎತ್ತರಕ್ಕೆ ಮಾತ್ರ ಎತ್ತಿ, ಅದು ಕಿರ್ರ್ ಅನ್ನದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೆಕ್ಯಾನಿಕ್ ಕಿಡಿ ಹೊಟ್ಟೆಯ ಮೇಲೆ ತೆವಳಿಕೊಂಡು ಒಳಗೆ ನುಗ್ಗಿದ. ಕಳ್ಳನಾದರೂ ಇಷ್ಟು ನಾಜೂಕು ಮಾಡುತ್ತಿರಲಿಲ್ಲ. ಶಟರನ್ನು ಮತ್ತೆ ನೆಲಕ್ಕೆ ತಾಗಿಸಿ, ಎದ್ದು, ಅಂಗಿಯ ಧೂಳು ಕೊಡವಿಕೊಳ್ಳುವಷ್ಟರಲ್ಲಿ ಆಫೀಸಿನ ಕಡೆಯಿಂದ ಯಾರೋ ಪಿಸುಗುಟ್ಟಿದ ಸದ್ದು ಕೇಳಿತು. ಅವನ ಕೈ ತಾನಾಗಿ ನಟ್ಟು ಬಿಚ್ಚುವ ದೊಡ್ಡ ಪಾನಾದ ಮೇಲೆ ಹೋಯಿತು. ಇವತ್ತು ಶುಕ್ರವಾರ. ಸಂಸ್ಥೆಗೆ ರಜೆ. ಒಳಗೆ ಯಾರೂ ಇರಬಾರದು. ಹಾಗೆ ನೋಡಿದರೆ ಅವನೂ ಇರಬಾರದಿತ್ತು.

ಗಾಲಿಕುರ್ಚಿಗಳ ಸಾಲಿನ ನಡುವೆ ಅಡ್ಡಡ್ಡ ಹೆಜ್ಜೆ ಹಾಕಿ ಬಾಗಿಲ ಸಂದಿಯಲ್ಲಿ ಇಣುಕಿದರೆ, ಅಲ್ಲಿ ಫೋನಕ್ಕ. ದೀಪವಿಲ್ಲ, ಫ್ಯಾನಿಲ್ಲ. ಮೇಜಿನ ಕೆಳಗೆ ಕಾಲು ಮಡಚಿಕೊಂಡು ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಫೋನಿನಲ್ಲಿ ಹೇಳುತ್ತಿದ್ದಳು: "ಇಲ್ಲಮ್ಮ, ಇವತ್ತು ಆಫೀಸು ರಜೆ, ಯಾರೂ ಇಲ್ಲ. ನೀವು ಹೇಳಿ, ಬರ್ಕೋತೀನಿ."

ಕಿಡಿ ನಕ್ಕುಬಿಟ್ಟ. ಫೋನಕ್ಕ ಬೆಚ್ಚಿ ತಲೆಯನ್ನು ಮೇಜಿಗೆ ಹೊಡೆಸಿಕೊಂಡು, ಆ ಕಡೆಯ ಹೆಂಗಸಿಗೆ ಏನೂ ಆಗಿಲ್ಲವೆಂದು ಸಮಾಧಾನ ಹೇಳಿ, ಮಾತು ಮುಗಿಸಿ ಈಚೆ ಬಂದಳು. ಐವತ್ತರ ಹತ್ತಿರದ ಹೆಂಗಸು. ಸಂಸ್ಥೆಗೆ ಬರುವ ಕರೆಗಳನ್ನೆಲ್ಲ ತೆಗೆದುಕೊಳ್ಳುವವಳು ಅವಳೇ ಆದ್ದರಿಂದ ದೊಡ್ಡವರು ಚಿಕ್ಕವರು ಎಲ್ಲರಿಗೂ ಫೋನಕ್ಕ.

"ನೀನ್ಯಾಕೋ ಬಂದೆ?"

"ನೀನ್ಯಾಕಕ್ಕ ಬಂದೆ?"

"ನಾನು ಬಂದಿಲ್ಲ."

"ಹಾಗಾದ್ರೆ ನಾನೂ ಬಂದಿಲ್ಲ."

ಒಪ್ಪಂದ ಅಷ್ಟರಲ್ಲೇ ಮುಗಿಯಿತು. ಅವಳು ಮತ್ತೆ ಮೇಜಿನ ಕೆಳಗೆ ಹೋದಳು, ಅವನು ಹಿಂದಿನ ಕೋಣೆಗೆ ಹೋಗಿ ಒಂದು ಕುರ್ಚಿಯನ್ನು ಮಗುಚಿ ಹಾಕಿಕೊಂಡು ಸವೆದ ಬೇರಿಂಗ್ ಬಿಚ್ಚತೊಡಗಿದ. ಸ್ವಲ್ಪ ಹೊತ್ತಿಗೆ ಹಿಂದಿನ ಓಣಿಯಲ್ಲಿ ಡ್ರೈವರ್ ಮಾವನ ಏದುಸಿರು ಕೇಳಿಸಿತು. ರಿಪೇರಿಯಾದ ಕುರ್ಚಿಗಳನ್ನು ಮನೆಮನೆಗೆ ಮುಟ್ಟಿಸುವ ಮುದುಕ ಅವನು. ಸಂಸ್ಥೆಯ ವ್ಯಾನನ್ನು ಓಣಿಯ ತುದಿಯವರೆಗೆ ಕೈಯಲ್ಲೇ ತಳ್ಳಿಕೊಂಡು ಹೋಗಿ, ಅಲ್ಲಿ ಸ್ಟಾರ್ಟ್ ಮಾಡುತ್ತಿದ್ದ. ಸದ್ದು ಕೇಳಿದರೆ ಅಕ್ಕಪಕ್ಕದವರು ಸಂಸ್ಥೆ ನಡೆಸುವ ಮೇಡಂಗೆ ಹೇಳಿಬಿಟ್ಟಾರು ಅಂತ ಭಯ.

ನಡೆಯಲಾರದವರಿಗೆ ಗಾಲಿಕುರ್ಚಿ, ವಾಕರ್, ಊರುಗೋಲು ಎರವಲು ಕೊಟ್ಟು, ಕೆಟ್ಟಾಗ ರಿಪೇರಿ ಮಾಡಿಕೊಡುವ ಸಂಸ್ಥೆ ಅದು. ಲಾಭದ ಮಾತಿಲ್ಲ. ಲಾಭದ ಮಾತಿಲ್ಲದ ಕಡೆ ಗಡಿಯಾರದ ಮಾತೂ ಇರುವುದಿಲ್ಲ. ಬಟ್ಟೆ ಅಂಗಡಿಯವನು ಬಾಗಿಲು ಹಾಕಿದರೆ ಅಂಗಡಿ ಮುಚ್ಚಿತು ಅಂತಾರೆ ಜನ. ಇಂಥವರು ಬಾಗಿಲು ಹಾಕಿದರೆ ಕರುಣೆ ಸತ್ತಿತು ಅಂತಾರೆ. ಜನರನ್ನು ಅಂದು ಪ್ರಯೋಜನವಿಲ್ಲ, ಒಳಗಿರುವವರೇ ಹಾಗೆ ಅಂದುಕೊಳ್ಳುತ್ತಾರೆ. ಸೇವೆ ಅನ್ನುವ ಪದ ಹುಟ್ಟಿಸಿದವನ ಬೆನ್ನು ಒಂದು ದಿನವಾದರೂ ನೋವು ಕಂಡಿತ್ತೋ ಇಲ್ಲವೋ.

ಕಿಡಿಗೆ ಕೆಲಸ ಕಲಿಸಿದ ಉಸ್ತಾದನ ಬೆನ್ನು ಮಾತ್ರ ಚೆನ್ನಾಗಿ ಕಂಡಿತ್ತು. ಹಬ್ಬ ಹುಣ್ಣಿಮೆ ನೋಡದೆ, ಭಾನುವಾರವೂ ಬಂದು ಕೂತು ಕೆಲಸ ಮಾಡಿದ ಮನುಷ್ಯ, ಒಂದು ಬೆಳಿಗ್ಗೆ ಸುಮ್ಮನೆ ಪಾನಾ ಕೆಳಗಿಟ್ಟ. ಕೈ ತೊಳೆದ. ಮನೆಗೆ ಹೋದ. ಜಗಳವಿಲ್ಲ, ರಾಜೀನಾಮೆಯಿಲ್ಲ. ಎಷ್ಟು ಕರೆದರೂ ಮತ್ತೆ ಬರಲಿಲ್ಲ. ಈಗ ರಸ್ತೆಯಲ್ಲಿ ದೂರದಿಂದ ಒಂದು ಗಾಲಿಕುರ್ಚಿ ಕಂಡರೂ ಆಚೆ ಬದಿಗೆ ದಾಟಿಬಿಡುತ್ತಾನಂತೆ. ಮೇಡಂ ಅದನ್ನು ಕೇಳಿ ಹೆದರಿಹೋದರು. ಅಲ್ಲಿ ಇಲ್ಲಿ ವಿಚಾರಿಸಿ, ಟ್ರಸ್ಟಿನವರ ಜೊತೆ ಗುದ್ದಾಡಿ, ಕೊನೆಗೆ ಒಪ್ಪಿಸಿದರು: ಇನ್ನು ಮೇಲೆ ವಾರಕ್ಕೆ ನಾಲ್ಕೇ ದಿನ ಕೆಲಸ, ಸಂಬಳ ಅಷ್ಟೇ. ಮೂರು ತಿಂಗಳು ಪ್ರಯೋಗ. ಕೆಲಸ ಕೆಡದಿದ್ದರೆ ಖಾಯಂ. ಉಸ್ತಾದನ ಜಾಗಕ್ಕೆ ಇನ್ನೊಬ್ಬ ಮೆಕ್ಯಾನಿಕ್ ಬೇಕೆಂದೂ ಕೇಳಿದರು. ಅದನ್ನು ಆಮೇಲೆ ನೋಡೋಣ ಎಂದರು ಟ್ರಸ್ಟಿನವರು.

ಸಿಟ್ಟು ಬರದ ವಿಷಯವೆಂದು ಕಿಡಿಗೆ ಯಾವುದೂ ಇರಲಿಲ್ಲ, ಹೆಸರು ಬಿದ್ದದ್ದೇ ಅದಕ್ಕೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟದ್ದೂ ಸಿಟ್ಟಿನಲ್ಲೇ. ರಜೆಯ ಸುದ್ದಿ ಕೇಳಿದಾಗಲೂ ಮೊದಲು ಸಿಟ್ಟೇ ಬಂತು. ಶುಕ್ರವಾರ ಅಂತ ಗಾಲಿಗಳು ಮುರಿಯದೆ ಇರ್ತಾವಾ, ಮೇಡಂ ಹೋಗಿ ಗಾಲಿಗಳಿಗೆ ನೋಟಿಸು ಕೊಟ್ಟು ಬರ್ತಾರಾ ಎಂದು ಫೋನಕ್ಕನ ಮುಂದೆ ಕೂಗಾಡಿದ. ಆದರೂ ಶಟರಿನ ಮೇಲೆ ರಜೆಯ ನೋಟಿಸು ಅಂಟಿಸಿದವನು ಅವನೇ, ಗೋಂದು ಹಚ್ಚಿ, ಅಂಗೈಯಲ್ಲಿ ಒತ್ತಿ.

ಅಂಟಿಸುವಾಗ ಅವನಿಗೆ ಹೆಂಡತಿಯ ನೆನಪಾಗಿತ್ತು. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ, ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಇವನು ಹೊರಡುವಾಗ ಅವಳು ನಿದ್ದೆಯಲ್ಲಿ, ಅವಳು ಬರುವಾಗ ಇವನು ನಿದ್ದೆಯಲ್ಲಿ. ನಡುವೆ ನಾಲ್ಕು ವರ್ಷದ ಮಗಳು, ಕೆಳಗಿನ ಮನೆಯ ಅಜ್ಜಿಯ ಮಡಿಲಲ್ಲಿ ಸಂಜೆ ಕಳೆದು, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತಿತ್ತು. ಹೆಂಡತಿಯ ವಾರದ ರಜೆ ಶುಕ್ರವಾರ. ಇವನ ಶನಿವಾರ ಭಾನುವಾರ ಅವಳಿಗೆ ಕೆಲಸದ ದಿನಗಳು. ಅವಳ ಅಕ್ಕನ ಊರಲ್ಲಿ ಅದೇ ಲಾಂಡ್ರಿಯವರು ಹೊಸದೊಂದು ಶಾಖೆ ತೆರೆಯುತ್ತಿದ್ದರು. ಹಗಲು ಪಾಳಿ, ಮೇಲ್ವಿಚಾರಕಿಯ ಕೆಲಸ, ಮಗುವನ್ನು ನೋಡಿಕೊಳ್ಳಲು ಅಕ್ಕ. ಬರ್ತೀಯಾ ಎಂದು ಕೇಳಿದ್ದರು. "ಹೇಗೂ ಇಬ್ಬರು ಬಾಡಿಗೆದಾರರ ಥರ ಇದ್ದೀವಿ. ಬೇರೆ ಊರಲ್ಲಿದ್ರೂ ಇಷ್ಟೇ ಅಲ್ವಾ?" ಎಂದಿದ್ದಳು ಅವಳು. ಸಿಟ್ಟಿನಿಂದಲ್ಲ. ಅದೇ ಅವನನ್ನು ಹೆದರಿಸಿದ್ದು. ಸ್ವಲ್ಪ ತಡಿ ಎಂದಿದ್ದ. ಶಾಖೆ ತೆರೆಯುವವರೆಗೆ ತಡೀತೀನಿ ಎಂದಿದ್ದಳು.

ಅಂಥ ಹೊತ್ತಿನಲ್ಲಿ ಶುಕ್ರವಾರವೊಂದು ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಬುದ್ಧಿ ಇರುವವನು ಓಡಿಹೋಗಿ ಹೆಂಡತಿಗೆ ಹೇಳುತ್ತಿದ್ದ.

ಕಿಡಿ ಹೇಳಲಿಲ್ಲ. ಮೊದಲ ವಾರ, ಇದೊಂದು ಸಲ ಬಾಕಿ ಕುರ್ಚಿಗಳನ್ನು ಮುಗಿಸಿಬಿಡೋಣ, ಮುಂದಿನ ವಾರ ಹೇಳೋಣ ಅಂದುಕೊಂಡ. ಮುಂದಿನ ವಾರ ಬಾಕಿ ಇನ್ನೂ ಬೆಳೆದಿತ್ತು. ಆಮೇಲೆ ಹೇಳುವುದಕ್ಕೆ ಮುಖವಿರಲಿಲ್ಲ. ಅವಳಾಗಿ ಒಮ್ಮೆ ಕೇಳಿದಾಗ, ಆಫೀಸಿನವರಿಗೆ ಏನೋ ರಜೆ ಕೊಟ್ಟಿದ್ದಾರಂತೆ, ನಮ್ಮ ರಿಪೇರಿ ಸೆಕ್ಷನ್‌ಗೆ ಇಲ್ಲ ಎಂದುಬಿಟ್ಟ. ರಿಪೇರಿ ಸೆಕ್ಷನ್ ಅಂದರೆ ಅವನೊಬ್ಬನೇ. ಸುಳ್ಳು ಹೇಳುವಾಗಲೂ ಮೇಡಂ ಮೇಲೆ ಸಿಟ್ಟು ಮಾಡಿಕೊಂಡೇ ಹೇಳಿದ, ನಿಜಕ್ಕೂ ಅನ್ಯಾಯವಾದವನ ಹಾಗೆ. ಹೆಂಡತಿ, ಹೋಗ್ಲಿ ಬಿಡು ಎಂದು ಅವನ ಬೆನ್ನು ಸವರಿದಳು.

ಹೀಗೆ ಪ್ರಯೋಗದ ಶುಕ್ರವಾರಗಳು ಒಂದೊಂದಾಗಿ ಶಟರಿನ ಹಿಂದೆ ಕಳೆದವು. ನಿಜ ಹೇಳಬೇಕೆಂದರೆ ಅಲ್ಲಿ ಒಂಥರಾ ಸುಖವಿತ್ತು. ಯಾರೂ ಕರೆಯುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಗ್ರೈಂಡರ್ ಹಾಕುವಂತಿಲ್ಲ, ಅರದಲ್ಲಿ ಮೆಲ್ಲಗೆ ಉಜ್ಜಬೇಕು. ಮಧ್ಯಾಹ್ನ ಮೂವರೂ ಹಿಂದಿನ ಕೋಣೆಯಲ್ಲಿ ಬುತ್ತಿ ಬಿಚ್ಚಿಕೊಂಡು ಪಿಸುಮಾತಿನಲ್ಲಿ ಹರಟುತ್ತ, ಈ ರಜೆ ಎಷ್ಟು ಒಳ್ಳೆಯದಾಯಿತು ಎಂದು ಮಾತಾಡಿಕೊಳ್ಳುತ್ತಿದ್ದರು. ಅದರಲ್ಲಿರುವ ತಮಾಷೆ ಯಾರಿಗೂ ಹೊಳೆಯಲಿಲ್ಲ.

ಪ್ರಯೋಗ ಮುಗಿಯಲು ಬಂದಿದ್ದ ಒಂದು ಶುಕ್ರವಾರ, ಹೆಂಡತಿ ಮಗಳಿಗೆ ಚಪ್ಪಲಿ ಕೊಳ್ಳಲು ಆ ರಸ್ತೆಗೇ ಬಂದಳು. ಹೇಗೂ ಇಷ್ಟು ದೂರ ಬಂದಿದ್ದೀನಿ, ಅಪ್ಪನನ್ನು ತೋರಿಸೋಣ ಎಂದು ಶಟರಿನವರೆಗೂ ಬಂದಳು. ನೋಟಿಸು ಓದಿದಳು. ಶುಕ್ರವಾರ, ಶನಿವಾರ, ಭಾನುವಾರ ಎಲ್ಲ ವಿಭಾಗಗಳಿಗೂ ರಜೆ. ಒಳಗೆ ಕಬ್ಬಿಣದ ಮೇಲೆ ಅರ ಆಡುವ ಸದ್ದು ಕೇಳುತ್ತಿತ್ತು. ಅವಳು ಶಟರ್ ತಟ್ಟಲಿಲ್ಲ.

ಅದು ಕಿಡಿಗೆ ಗೊತ್ತಾದದ್ದು ಸಂಜೆ ಮನೆಗೆ ಹೋದಮೇಲೆ. ಮಗಳು ಹೊಸ ಚಪ್ಪಲಿ ಹಾಕಿಕೊಂಡು ಮನೆ ತುಂಬ ಟಪಟಪ ಓಡಾಡುತ್ತಿತ್ತು. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಮನೆಯಲ್ಲಿ ಅವಳು ಅವನನ್ನು ನೀನು ಅನ್ನುವವಳು. ನೀವು ಅಂದಳೆಂದರೆ ವಿಷಯ ಕೈ ಮೀರಿದೆ ಅಂತಲೇ ಅರ್ಥ.

"ನಿಮ್ಮ ಶಟರಿನ ಮೇಲೆ ಅಕ್ಷರ ದುಂಡಗಿದೆ," ಎಂದಳು. "ಯಾರು ಬರೆದಿದ್ದು?"

ಅವಳು ನೋಟಿಸು ಓದಿದ್ದಾಳೆಂದು ಅವನಿಗೆ ಹೊಳೆಯಿತು. ಸಿಟ್ಟು ಮಾಡಿಕೊಳ್ಳೋಣವೆಂದು ನೋಡಿದ. ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಕೈಕೊಟ್ಟಿತು. ಕುರ್ಚಿಗಳ ಬಾಕಿ ಬಗ್ಗೆ, ಬ್ರೇಕ್ ಹೋದ ಕುರ್ಚಿಯಲ್ಲಿ ಇಳಿಜಾರಿನ ಮನೆಯಲ್ಲಿರುವ ಅಜ್ಜನ ಬಗ್ಗೆ ಏನೇನೋ ಹೇಳಿದ. ಅವಳು ಕೇಳಿಸಿಕೊಂಡಳು. ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದಳು.

"ಬೇರೆ ಹೆಂಗಸಿನ ಹತ್ರ ಹೋಗಿದ್ರೆ ಅವಳ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ನಡೆಯೋಕಾಗದವರ ಕುರ್ಚಿ ಜೊತೆ ನಾನು ಹೇಗೆ ಜಗಳ ಆಡ್ಲಿ, ಹೇಳಿ. ಆಡಿದ್ರೆ ನಾನೇ ಕೆಟ್ಟವಳು." ಮಡಚಿದ್ದನ್ನು ಪಕ್ಕಕ್ಕಿಟ್ಟು ಸೇರಿಸಿದಳು. "ಶಾಖೆ ಮುಂದಿನ ತಿಂಗಳು ತೆರೀತಾರಂತೆ. ಬರ್ತೀನಿ ಅಂತ ಹೇಳ್ಲಾ ಅಂತ ನಿಮ್ಮನ್ನ ಕೇಳೋದು ಬಿಟ್ಟಿದ್ದೀನಿ."

ಇದಾಗಿ ಮೂರು ದಿನಕ್ಕೆ, ಸೋಮವಾರ, ಟ್ರಸ್ಟಿನ ಅಧ್ಯಕ್ಷರು ಬಂದರು. ಪ್ರಯೋಗದ ಫಲ ಹೇಳುವುದಕ್ಕೆ. ದೊಡ್ಡ ಮನುಷ್ಯ, ದೇಹದಲ್ಲೂ ಮನಸ್ಸಿನಲ್ಲೂ. ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಎಲ್ಲರನ್ನೂ ಮುಂದಿನ ಕೋಣೆಯಲ್ಲಿ ಸೇರಿಸಿ ಚಹಾ ತರಿಸಿದರು. ಕುರ್ಚಿ ಸಾಲದೆ ಕೆಲವರು ರಿಪೇರಿಗೆ ಬಂದಿದ್ದ ಗಾಲಿಕುರ್ಚಿಗಳಲ್ಲೇ ಕೂತರು. ಅಧ್ಯಕ್ಷರೂ ಒಂದರಲ್ಲಿ ಕೂತರು, ಮಾತಾಡುವಾಗ ಅದು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು, ಅವರು ಕಾಲಲ್ಲಿ ಎಳೆದುಕೊಂಡು ಮತ್ತೆ ಮುಂದೆ ಬರುತ್ತಿದ್ದರು.

ನನಗೆ ನಂಬಿಕೆ ಇರಲಿಲ್ಲ, ಈಗ ಹೇಳಬಹುದು, ಎಂದರು. ಒಂದು ದಿನ ಕಡಿಮೆಯಾದರೆ ಕೆಲಸ ನಿಂತುಹೋಗುತ್ತದೆ, ಜನ ಬಂದು ಬಾಗಿಲು ಬಡಿಯುತ್ತಾರೆ ಅಂದುಕೊಂಡಿದ್ದರಂತೆ. ನೋಡಿದರೆ ಒಂದು ದೂರಿಲ್ಲ. ರಿಪೇರಿ ಮೊದಲಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ನಾಲ್ಕು ದಿನದಲ್ಲಿ ಐದು ದಿನದ ಕೆಲಸ ಮಾಡಿ ತೋರಿಸಿದ್ದೀರಿ, ಶುಕ್ರವಾರ ನಿಮ್ಮದೇ, ಖಾಯಂ, ಎಂದರು. ಫೋನಕ್ಕ ಚಪ್ಪಾಳೆ ತಟ್ಟಿದಳು. ಡ್ರೈವರ್ ಮಾವ ಕಣ್ಣೊರೆಸಿಕೊಂಡ. ಮೇಡಂ ಮುಖ ಮಾತ್ರ ಯಾಕೋ ಅರಳಲಿಲ್ಲ.

ಅಧ್ಯಕ್ಷರು ಮುಂದುವರಿಸಿದರು. ಹಾಗಾದ ಮೇಲೆ ಇನ್ನೊಬ್ಬ ಮೆಕ್ಯಾನಿಕ್ ಬೇಕು ಅನ್ನುವ ಮಾತು ಬಿಟ್ಟುಬಿಡಬಹುದು. ಅಷ್ಟೇ ಅಲ್ಲ, ನದಿಯಾಚೆಯ ಇನ್ನೊಂದು ಕೇಂದ್ರದಲ್ಲಿ ಕೆಲಸ ತುಂಬಾ ಹಿಂದೆ ಬಿದ್ದಿದೆ. ಅಲ್ಲಿನ ಕುರ್ಚಿಗಳನ್ನೂ ಇಲ್ಲಿಗೇ ಕಳಿಸೋಣ ಅಂತ ಟ್ರಸ್ಟು ಯೋಚಿಸಿದೆ. "ನಿಮ್ಮಿಂದ ಆಗುತ್ತೆ ಅಂತ ಗೊತ್ತಾಯ್ತಲ್ಲ," ಎಂದು ಕಿಡಿಯ ಕಡೆ ನೋಡಿ ಅಕ್ಕರೆಯಿಂದ ನಕ್ಕರು.

ಕಿಡಿಯ ತಲೆಯಲ್ಲಿ ಒಂದು ಗಾಲಿ ಸುಮ್ಮನೆ ತಿರುಗಿದ ಹಾಗಾಯಿತು. ಶುಕ್ರವಾರ ಅವನದೇ ಅಂತೆ. ಕಾಗದದ ಮೇಲೆ. ಶಟರಿನ ಹಿಂದೆ ನದಿಯಾಚೆಯ ಕುರ್ಚಿಗಳೂ ಬಂದು ಕೂರುತ್ತವೆ. ಆಗ ಶನಿವಾರವೂ ತೆವಳಿಕೊಂಡು ಬರಬೇಕು. ಹೆಂಡತಿ ಅಕ್ಕನ ಊರಿನಲ್ಲಿ ಬಟ್ಟೆ ಮಡಚುತ್ತಿರುತ್ತಾಳೆ. ಬಾಯಿ ಮುಚ್ಚಿಕೊಂಡಿದ್ದರೆ ರಜೆ ಉಳಿಯುತ್ತದೆ, ದಿನ ಹೋಗುತ್ತದೆ. ಬಾಯಿ ಬಿಟ್ಟರೆ ಈ ರಜೆಯೂ ಹೋಗುತ್ತದೆ, ಮೇಡಂ ಇಷ್ಟು ಗುದ್ದಾಡಿ ತಂದದ್ದು. ಫೋನಕ್ಕನಿಗೆ ಅವನ ಮುಖ ನೋಡಿಯೇ ಗೊತ್ತಾಗಿ, ತೋಳು ಚಿವುಟಿದಳು. ಚಿವುಟದಿದ್ದರೆ ಬಹುಶಃ ಸುಮ್ಮನಿರುತ್ತಿದ್ದ.

"ಸಾರ್, ಅದು ಸುಳ್ಳು," ಎಂದು ಎದ್ದು ನಿಂತ. "ನಾಲ್ಕು ದಿನದಲ್ಲಿ ಆಗಿಲ್ಲ. ಒಂದು ಶುಕ್ರವಾರನೂ ಬಿಡದೆ ನಾನು ಬಂದಿದ್ದೀನಿ. ಶಟರ್ ಹಾಕ್ಕೊಂಡು ಕೆಲಸ ಮಾಡಿದ್ದೀನಿ. ಮನೇಲೂ ಸುಳ್ಳು ಹೇಳಿದ್ದೀನಿ."

ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ. ಅಧ್ಯಕ್ಷರ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ತಾಗಿತು, ಅವರು ಎಳೆದುಕೊಳ್ಳಲಿಲ್ಲ. ಆಗ ಡ್ರೈವರ್ ಮಾವ ಕೆಮ್ಮಿದ. ವ್ಯಾನು ತಳ್ಳೀ ತಳ್ಳೀ ತನ್ನ ಮೊಣಕಾಲು ಹೋಯಿತು, ಈ ವಯಸ್ಸಲ್ಲಿ ಇನ್ನು ಸುಳ್ಳು ತಳ್ಳಲಾರೆ ಎಂದ. ಫೋನಕ್ಕ ಇಬ್ಬರನ್ನೂ ಶಪಿಸಿ, ತಾನೂ ಬರುತ್ತಿದ್ದೆ, ಮೇಜಿನ ಕೆಳಗೆ ಕೂರುತ್ತಿದ್ದೆ, ಬೇಕಾದರೆ ಕತ್ತು ನೋಡಿ, ತಿರುಗುವುದಿಲ್ಲ ಎಂದಳು.

ಎಲ್ಲರೂ ಮೇಡಂ ಕಡೆ ನೋಡಿದರು. ಬೈಗುಳಕ್ಕೆ ತಲೆ ತಗ್ಗಿಸಿ ತಯಾರಾದರು. ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಾನೂ ಶುಕ್ರವಾರ ಹಿಂದಿನ ಬೀದೀಲಿ ಕಾರು ನಿಲ್ಲಿಸ್ಕೊಂಡು ಒಳಗೇ ಕೆಲಸ ಮಾಡ್ತಿದ್ದೆ," ಎಂದರು. "ಅಲ್ಲಿಗೆ ನಮ್ಮ ವೈಫೈ ಸಿಗುತ್ತೆ. ಆಫೀಸಿಗೆ ಬಂದ್ರೆ ನೀವೆಲ್ಲ ನೋಡಿ ನೀವೂ ಬರ್ತೀರಿ ಅಂತ ಭಯ ನಂಗೆ."

ಮೊದಲು ನಕ್ಕವರು ಅಧ್ಯಕ್ಷರೇ. ಹೊಟ್ಟೆ ಕುಲುಕಿಸಿ ನಕ್ಕರು, ಉಳಿದವರೂ ನಕ್ಕರು, ಫೋನಕ್ಕನಿಗೆ ನಗುತ್ತ ನಗುತ್ತ ಅಳು ಬಂತು. ಕಿಡಿ ಮಾತ್ರ ನಗಲಿಲ್ಲ. ಅವನಿಗೆ ಸಿಟ್ಟು ವಾಪಸು ಬಂದಿತ್ತು. ಅಧ್ಯಕ್ಷರು ಕಣ್ಣೊರೆಸಿಕೊಂಡು, ಹಾಗಾದರೆ ಪ್ರಯೋಗ ನಡೆದೇ ಇಲ್ಲ, ಮತ್ತೆ ಮೊದಲಿನಿಂದ ನಡೆಯಲಿ ಎಂದರು. ನದಿಯಾಚೆಯ ಕುರ್ಚಿಗಳನ್ನು ಸದ್ಯಕ್ಕೆ ತರುವುದಿಲ್ಲ. ಬೀಗದ ಕೈಗಳೆಲ್ಲ ಗುರುವಾರ ಸಂಜೆ ಮೇಡಂ ಮೂಲಕ ಅವರ ಕೈಗೆ ಬರಬೇಕು. ಈ ಸಲ ಕೆಲಸ ನಿಲ್ಲಬೇಕು. ಎಷ್ಟು ನಿಲ್ಲುತ್ತದೆ ಅಂತ ಕಣ್ಣಿಗೆ ಕಂಡರೆ ತಾನೇ ಇನ್ನೊಬ್ಬ ಮನುಷ್ಯನನ್ನು ಕೊಡಿ ಎಂದು ಟ್ರಸ್ಟಿನ ಮುಂದೆ ತಾವು ಬಾಯಿ ತೆಗೆಯುವುದು.

"ನಿಲ್ಲೋದು ನಮ್ಮ ಕೆಲಸ ಅಲ್ಲ ಸಾರ್," ಎಂದ ಕಿಡಿ. "ಗಾಲಿ ಮುರಿದವರು ಹಾಸಿಗೇಲಿ ಮೂರು ದಿನ ಬಿದ್ದಿರ್ತಾರೆ. ನಾವು ಲೆಕ್ಕ ತೋರಿಸೋಕೆ ಅವರು ಬಿದ್ದಿರಬೇಕಾ?"

ಅಧ್ಯಕ್ಷರು ಮೇಡಂ ಕಡೆ ತಿರುಗಿದರು. ಉತ್ತರ ಗೊತ್ತಿದೆ ಅಂತ ನಟಿಸಲಿಲ್ಲ, ಅಷ್ಟು ಒಳ್ಳೆಯತನ ಅವರಲ್ಲಿತ್ತು. ಉತ್ತರ ಕೊಟ್ಟವರು ಮೇಡಂ. ಹೌದು, ಬಿದ್ದಿರ್ತಾರೆ, ಎಂದರು. ಉಸ್ತಾದ್ ಹೋದ ಮೇಲೆ ತಿಂಗಳುಗಟ್ಟಲೆ ಬಿದ್ದಿರಲಿಲ್ಲವಾ. ನೀನೂ ಒಂದು ದಿನ ಕೈ ತೊಳೆದುಕೊಂಡು ಹೋಗ್ತೀಯ, ಆಗಲೂ ಬಿದ್ದಿರ್ತಾರೆ. ಇಷ್ಟು ಹೇಳಿ ಚಹಾದ ಲೋಟಗಳನ್ನು ತಾವೇ ಎತ್ತಿಕೊಂಡು ತೊಳೆಯಲು ಹೋದರು.

ಮನೆಯಲ್ಲಿ ಕಿಡಿ ಇದನ್ನೆಲ್ಲ ಹೇಳಲು ನೋಡಿದ. ಆ ರಾತ್ರಿ ಅವಳು ಬರುವವರೆಗೆ ಎಚ್ಚರವಾಗಿ ಕೂತು ಹೇಳಿದ. ಶುಕ್ರವಾರ ಮನೇಲಿರ್ತೀನಿ ಎಂದ. ಹೆಂಡತಿ ಕಾಲು ತೊಳೆಯುತ್ತ, ಆಯ್ತು ಎಂದಳು. ಹವಾಮಾನ ಹೇಳಿದರೆ ಜನ ಆಯ್ತು ಅನ್ನುತ್ತಾರಲ್ಲ, ಹಾಗೆ.

ಗುರುವಾರ ಸಂಜೆ, ಇನ್ನೇನು ಶಟರ್ ಎಳೆಯಬೇಕು, ಟೀಚರ್ ಬಂದರು. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ಹೆಂಗಸು, ಕಿಡಿಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಅವರ ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿಯನ್ನು ಹಿಡಿದಿಡುವ ಕವಲು ಮುರಿದು ನೇತಾಡುತ್ತಿತ್ತು. ಇಬ್ಬರು ಮಕ್ಕಳು ಕುರ್ಚಿಯ ಮುಂಭಾಗವನ್ನು ಎತ್ತಿ ಹಿಡಿದು, ಹಿಂದಿನ ಗಾಲಿಗಳ ಮೇಲೆ ತಳ್ಳಿಕೊಂಡು ಬಂದಿದ್ದರು. ಕಿಡಿ ಕೂತು ನೋಡಿದ. ವೆಲ್ಡಿಂಗ್ ಹಿಡಿಯುವುದಿಲ್ಲ, ಹೊಸದು ಮಾಡಬೇಕು, ಅರ್ಧ ದಿನದ ಕೆಲಸ. ಅರ್ಧ ದಿನ. ನಾಳೆ ಬೆಳಿಗ್ಗೆ ಬಂದರೆ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಮಧ್ಯಾಹ್ನದಿಂದ ಮನೆಯಲ್ಲಿರಬಹುದು. ಅರ್ಧ ಶುಕ್ರವಾರವೂ ಶುಕ್ರವಾರವೇ ಅಲ್ಲವಾ. ಯೋಚನೆ ಅವನ ಅನುಮತಿ ಕೇಳದೆ ಇಷ್ಟು ದೂರ ಹೋಗಿಬಿಟ್ಟಿತ್ತು.

"ಸೋಮವಾರ ಆಗುತ್ತೆ ಟೀಚರ್," ಎಂದ.

"ಸರಿ ಬಿಡು. ನಿನಗೂ ರಜೆ ಬೇಕಲ್ಲಪ್ಪ."

ಆ ಮಾತಿನಲ್ಲಿ ಚುಚ್ಚು ಇದೆಯೇನೋ ಎಂದು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮೂಲೆಯಲ್ಲಿದ್ದ ದೊಡ್ಡ ಕುರ್ಚಿಯೊಂದನ್ನು ತಂದುಕೊಟ್ಟ. ಅದು ಭಾರೀ ಮೈಯವರಿಗೆಂದು ಮಾಡಿದ್ದು, ಟೀಚರ್ ಅದರೊಳಗೆ ಮಗುವಿನ ಹಾಗೆ ಕಂಡರು. ಮನೆಯ ಅಡುಗೆಮನೆ ಬಾಗಿಲಲ್ಲಿ ಇದು ಹಿಡಿಯುತ್ತಾ ಎಂದು ಕೇಳಿದ. ಹಿಡಿಯಲ್ಲ, ಪರವಾಗಿಲ್ಲ, ಮೂರು ದಿನ ಮಕ್ಕಳ ಕೈಲೇ ನೀರು ತರಿಸ್ಕೋತೀನಿ ಎಂದರು.

ಆಗ ಮೇಡಂ ಒಳಗಿನಿಂದ ಒಂದು ಹಾಳೆ, ಪೆನ್ನು ಹಿಡಿದುಕೊಂಡು ಬಂದು, ದಯವಿಟ್ಟು ನಮ್ಮ ಮೇಲೆ ಒಂದು ದೂರು ಬರೆದುಕೊಡಿ ಎಂದರು. ಟೀಚರ್ ಗಾಬರಿಯಾದರು. ಇಷ್ಟು ವರ್ಷ ನೋಡಿಕೊಂಡವರ ಮೇಲೆ ದೂರು ಬರೆಯುವುದು ಹೇಗೆ, ನನ್ನ ಕೈಲಾಗಲ್ಲ ಎಂದರು. ಮೇಡಂ ಬೇಡಿಕೊಂಡರು. ಫೋನಕ್ಕನೂ ಬಂದು ಬೇಡಿಕೊಂಡಳು. ಡ್ರೈವರ್ ಮಾವ, ನನ್ನ ಮೇಲೂ ಒಂದು ಸಾಲು ಹಾಕಮ್ಮ ಎಂದ. ಕೊನೆಗೆ ಕಿಡಿ ಅವರ ಮುಂದೆ ಮಂಡಿಯೂರಿ ಕೂತ.

"ಬರೀರಿ ಟೀಚರ್. ಖಾರವಾಗಿ ಬರೀರಿ. ನಮಗೆ ಇನ್ನೊಬ್ಬ ಮನುಷ್ಯ ಬೇಕು. ನಾವು ಕೇಳಿದ್ರೆ ಕೊಡಲ್ಲ, ನೀವು ಬೈದ್ರೆ ಕೊಡ್ತಾರೆ."

ಟೀಚರ್ ಪೆನ್ನು ತೆಗೆದುಕೊಂಡರು. ಬರೆಯುತ್ತ ಬರೆಯುತ್ತ ಅವರಿಗೇ ರೋಷ ಬಂದಿರಬೇಕು, ಹಾಳೆ ತಿರುಗಿಸಿ ಹಿಂದೆಯೂ ಬರೆದರು. ಮೇಡಂ ಓದಿ, ಇಷ್ಟು ಚೆನ್ನಾಗಿ ನಮ್ಮನ್ನು ಯಾರೂ ಬೈದಿರಲಿಲ್ಲ ಎಂದರು. ಆ ದೊಡ್ಡ ಕುರ್ಚಿ ತಿರುವಿನವರೆಗೂ ಹೋಗುವುದನ್ನು ಕಿಡಿ ಶಟರ್ ಹಿಡಿದುಕೊಂಡೇ ನೋಡಿದ. ಆಮೇಲೆ ಬೀಗದ ಕೈ ಕೊಟ್ಟ. ಕೊಡುವಾಗ ಬೆರಳು ಬಿಡಲಿಲ್ಲ, ಮೇಡಂ ಎಳೆದುಕೊಳ್ಳಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಅವನು ಎಂದಿನ ಹೊತ್ತಿಗೇ ಎದ್ದ, ಎಂದಿನ ಅಂಗಿಯನ್ನೇ ಹಾಕಿಕೊಂಡ, ಹಾಗೇ ಹಾಸಿಗೆಯ ತುದಿಯಲ್ಲಿ ಕೂತ. ಚಹಾ ಮಾಡೋಣವೆಂದರೆ ಸಕ್ಕರೆ ಎಲ್ಲಿದೆಯೋ ಗೊತ್ತಿಲ್ಲ. ಡಬ್ಬಗಳನ್ನೆಲ್ಲ ಮುಚ್ಚಳ ತೆಗೆದು ನೋಡುತ್ತಿರುವಾಗ ಮಗಳು ಕಣ್ಣುಜ್ಜಿಕೊಂಡು ಬಂದು ಬಾಗಿಲಲ್ಲಿ ನಿಂತಿತು.

"ಅಪ್ಪಾ, ನಿಂಗೆ ಕೆಲಸ ಹೋಯ್ತಾ?"

ಇಲ್ಲ ಪುಟ್ಟಿ, ರಜೆ ಎಂದ. ಮಗು ನಂಬಲಿಲ್ಲ. ಹಲ್ಲುಜ್ಜಿಸಲು ಕರೆದರೆ, ಹಲ್ಲುಜ್ಜಿಸೋದು ಅಮ್ಮ ಎಂದಿತು. ತಲೆ ಬಾಚಲು ಕರೆದರೂ ಅದೇ. ಹೆಂಡತಿ ಎದ್ದು ಬಂದವಳು, ಅವನು ಅಡುಗೆಮನೆಯಲ್ಲಿ ನಿಂತಿರುವುದನ್ನು ಕಂಡು, ಮೇಲಿನ ಹಲಗೆಯಿಂದ ಸಕ್ಕರೆ ತೆಗೆದುಕೊಟ್ಟಳು.

"ಎಷ್ಟೊತ್ತಿಗೆ ಹೋಗ್ತೀರಿ?"

"ಹೋಗಲ್ಲ ಅಂದೆನಲ್ಲ."

ಅವಳು ತಲೆಯಾಡಿಸಿದಳು. ಒಂದು ಬುತ್ತಿಯನ್ನು ಕಟ್ಟಿ ಬಾಗಿಲ ಹತ್ತಿರ ಇಟ್ಟಳು, ಅಷ್ಟೇ. ಅದು ಅಲ್ಲೇ ಕೂತಿತ್ತು. ಅದನ್ನು ನೋಡಿದಾಗೆಲ್ಲ ಅವನಿಗೆ ಉರಿಯುತ್ತಿತ್ತು. ಒಂದು ಹೊತ್ತಿನಲ್ಲಿ ಕೈ ಸುಮ್ಮನಿರದೆ ತೊಟ್ಟಿಕ್ಕುವ ನಲ್ಲಿಯನ್ನು ಬಿಚ್ಚಲು ಹೋದ. ಅವಳು ಬಂದು ನಲ್ಲಿಯ ಮೇಲೆ ಕೈ ಇಟ್ಟಳು.

"ಅದನ್ನ ಮುಟ್ಟಬೇಡ," ಎಂದಳು. "ಬಾ, ಕೂತ್ಕೋ. ಸುಮ್ನೆ ಕೂತ್ಕೋ."

ಕೂತ. ಎಷ್ಟು ಕಷ್ಟದ ಕೆಲಸ ಅದು ಎಂದು ಕೂತ ಮೇಲೆ ತಿಳಿಯಿತು. ಮಧ್ಯಾಹ್ನ ಮೂವರೂ ಆ ಬುತ್ತಿಯನ್ನೇ ಬಿಚ್ಚಿ ನಡುವೆ ಇಟ್ಟುಕೊಂಡು ತಿಂದರು. ಲಾಂಡ್ರಿಯ ಜೊತೆಗಾತಿಯೊಬ್ಬಳು ಡಾಕ್ಟರ ಕೋಟಿನ ಜೇಬಿನಲ್ಲಿ ಕಟ್ಟಿಸಿದ ಹಲ್ಲುಗಳ ಸೆಟ್ಟೊಂದನ್ನು ಕಂಡು ಚೀರಿದ ಕತೆಯನ್ನು ಹೆಂಡತಿ ಹೇಳಿದಳು. ಅವನಿಗೆ ನಗು ಬಂತು. ಅವಳ ಜೊತೆ ಕೆಲಸ ಮಾಡುವವರ ಹೆಸರುಗಳು ಒಂದೂ ತನಗೆ ಗೊತ್ತಿಲ್ಲ ಎಂದು ನಗುವಾಗಲೇ ಹೊಳೆಯಿತು. ಶಾಖೆಯ ಮಾತನ್ನು ಅವಳು ಎತ್ತಲಿಲ್ಲ. ಅವನೂ ಕೇಳಲು ಹೋಗಲಿಲ್ಲ. ಒಂದು ಶುಕ್ರವಾರ ಮನೆಯಲ್ಲಿ ಕೂತ ಮಾತ್ರಕ್ಕೆ ಅದನ್ನು ಕೇಳುವ ಹಕ್ಕು ಬರುವುದಿಲ್ಲ, ಅಷ್ಟು ಅವನಿಗೂ ತಿಳಿಯುತ್ತಿತ್ತು.

ಊಟವಾದ ಮೇಲೆ ನೆಲದ ಮೇಲೆ ಚಾಪೆ ಹಾಸಿದಳು. ಮಗಳು ಅತ್ತಿತ್ತ ಹೊರಳಾಡಿ, ಯಾರ ಕಡೆ ಮಲಗುವುದೆಂದು ತಿಳಿಯದೆ, ಕೊನೆಗೆ ಇಬ್ಬರ ನಡುವೆ ಅಡ್ಡಲಾಗಿ ಬಿದ್ದು ಅವನ ತೋಳಿನ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು. ಕಿಡಿ ಮೇಲಿನ ಚಾವಣಿ ನೋಡುತ್ತ ಮಲಗಿದ. ಈಗ ಟೀಚರ್ ಏನು ಮಾಡುತ್ತಿರಬಹುದು. ಆ ಅಗಲದ ಕುರ್ಚಿ ಅಡುಗೆಮನೆಯ ಬಾಗಿಲಿಗೆ ತಾಗಿ ನಿಂತಿರಬಹುದು. ಮಕ್ಕಳು ನೀರು ಕೊಟ್ಟರೋ ಇಲ್ಲವೋ. ಪಕ್ಕದ ಕೋಣೆಯಲ್ಲಿ ಅವನ ಮೊಬೈಲು ಬಡಿದುಕೊಂಡಿತು.

"ಹೋಗೋದಾದ್ರೆ ಈಗಲೇ ಹೋಗು," ಎಂದಳು ಹೆಂಡತಿ, ಕಣ್ಣು ತೆರೆಯದೆ. "ಮಗು ಎದ್ದ ಮೇಲೆ ಹೋಗಬೇಡ."

ಅವನು ಏಳಲಿಲ್ಲ. ಮೊಬೈಲು ನಿಂತಿತು. ಮತ್ತೆ ಬಡಿದುಕೊಂಡಿತು, ನಿಂತಿತು. ಸ್ವಲ್ಪ ಹೊತ್ತಿಗೆ ಹೆಂಡತಿಯ ಉಸಿರು ಉದ್ದವಾಯಿತು. ನಿದ್ದೆಯಲ್ಲಿ ಅವಳ ಕೈ ಸಡಿಲಗೊಂಡು ಚಾಪೆಯಾಚೆ ನೆಲದ ಮೇಲೆ ಬಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಲಾಂಡ್ರಿಯ ಒಗೆಯುವ ಸೋಡಾದ ನೀರಿನಲ್ಲಿ ಅದ್ದಿ ಅದ್ದಿ ಬೆರಳ ಸಂದಿಯ ಚರ್ಮ ಸುಲಿದು, ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಯಾವಾಗಿನಿಂದ ಹೀಗಿದೆಯೋ ಅವನಿಗೆ ಗೊತ್ತಿರಲಿಲ್ಲ. ಹಗಲು ಬೆಳಕಿನಲ್ಲಿ ಆ ಕೈಯನ್ನು ಅವನು ನೋಡಿರಲಿಲ್ಲ.

ಮಗುವಿನ ತಲೆಯ ಕೆಳಗೆ ಅವನ ತೋಳು ಜೋಮು ಹಿಡಿಯಿತು. ಅವನು ಎಳೆದುಕೊಳ್ಳಲಿಲ್ಲ. ಬಿಸಿಲು ಅವಳ ಬೆರಳುಗಳಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ, ಮೆಲ್ಲಗೆ ಏರುತ್ತಿತ್ತು.